ಹೊಳೆ ಏರುವ ಮುನ್ನ ಏಳು ದಿನದ ಬುತ್ತಿ

ಮನೆಯಲ್ಲಿ ನಾಲ್ಕು ಚೀಲ ಜೋಳ ಇದ್ದರೂ ನೆರೆ ಬಂದ ಎರಡನೇ ದಿನಕ್ಕೆ ಊಟಕ್ಕೆ ತತ್ವಾರವಾಗಬಹುದು. ಹೊಳೆ ಏರಿದೊಡನೆ ಮೊದಲು ಹೋಗುವುದು ಕರೆಂಟು. ಕರೆಂಟಿಲ್ಲದೆ ಗಿರಣಿ ನಡೆಯದು, ಗಿರಣಿ ನಡೆಯದೆ ಜೋಳ ಹಿಟ್ಟಾಗದು. ಕಟ್ಟಿಗೆ ತೊಯ್ದಿರುತ್ತದೆ, ಗ್ಯಾಸ್ ಗಾಡಿ ಬರಲು ದಾರಿ ಇರುವುದಿಲ್ಲ, ಶುದ್ಧ ನೀರಿನ ಘಟಕದ ಮೋಟಾರು ನಿಂತಿರುತ್ತದೆ. ಕಾಳು ಕೂಡಿಟ್ಟ ಮಾತ್ರಕ್ಕೆ ಸಿದ್ಧರಾದಂತಲ್ಲ. ಬೀಸದೆ, ಬೇಯಿಸದೆ, ಕುಳಿತಲ್ಲೇ ಬಿಚ್ಚಿ ತಿನ್ನುವಂಥ ಬುತ್ತಿ ಬೇಕು. ಅದು ನೀರಿಗೆ ಸಿಗದ ಎತ್ತರದಲ್ಲಿರಬೇಕು, ಅದರಲ್ಲಿ ಒಂದು ಪಾಲು ಕೈಯಲ್ಲಿ ಎತ್ತಿಕೊಂಡು ಹೊರಡುವಂತಿರಬೇಕು.

ಯಾವಾಗ ಶುರು ಮಾಡಬೇಕು

ಚಿಕ್ಕೋಡಿ, ಅಥಣಿ, ರಾಯಬಾಗ, ಜಮಖಂಡಿ ಕಡೆಯ ಕೃಷ್ಣಾ ತೀರದವರು ಆಕಾಶ ನೋಡಿ ಲೆಕ್ಕ ಹಾಕಬಾರದು. ಇಲ್ಲಿ ಬಿಸಿಲಿದ್ದಾಗಲೇ ಹೊಳೆ ಏರುವುದುಂಟು. ಮಳೆ ಬೀಳುವುದು ಮಹಾರಾಷ್ಟ್ರದ ಘಟ್ಟದಲ್ಲಿ, ನೀರು ಬರುವುದು ನಮ್ಮ ದಂಡೆಗೆ. ಕಲ್ಲೋಳ-ಯಡೂರ ಸೇತುವೆ ಮುಳುಗಿತು, ಗೋಕಾಕ ಹತ್ತಿರದ ಲೋಳಸೂರ ಸೇತುವೆಗೆ ನೀರು ತಾಗಿತು ಎಂಬ ಸುದ್ದಿ ಬಂದಾಗ ಸಾಮಾನು ತರಲು ಹೊರಡುವುದಲ್ಲ, ಕಟ್ಟಿಟ್ಟ ಚೀಲ ಕೆಳಗಿಳಿಸುವುದು. ಕೃಷ್ಣಾ, ಘಟಪ್ರಭಾ ಏರುವಾಗ ಸಾಮಾನ್ಯವಾಗಿ ಒಂದೆರಡು ದಿನ ಕೈಗೆ ಸಿಗುತ್ತವೆ. ತಾಳಿಕೋಟೆ ಕಡೆಯ ಡೋಣಿ ಹೊಳೆ ಹಾಗಲ್ಲ. ಮೇಲೆ ಜೋರು ಮಳೆ ಬಿದ್ದರೆ ತಾಸುಗಳಲ್ಲೇ ಹೊಲಕ್ಕೆ ನುಗ್ಗುತ್ತದೆ. ಅಲ್ಲಿಯವರ ಚೀಲ ಮಳೆಗಾಲವಿಡೀ ಕಟ್ಟಿಯೇ ಇರಬೇಕು.

ಕಾಲದ ಲೆಕ್ಕಕ್ಕೆ ನಮ್ಮ ಹಬ್ಬಗಳೇ ಸಾಕು. ಕಾರಹುಣ್ಣಿಮೆಗೆ ಡಬ್ಬಿ, ಕ್ಯಾನು, ತಾಡಪತ್ರಿ ಹೊಂದಿಸಿಕೊಳ್ಳಿ. ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಮೊದಲ ಕಂತಿನ ಖಡಕ್ ರೊಟ್ಟಿ, ಪಂಚಮಿಗೆ ಮುಂಚೆ ಎರಡನೆಯದು. 2019ರ ದೊಡ್ಡ ನೆರೆ ಬಂದದ್ದು ಆಗಸ್ಟ್ ಮೊದಲ ವಾರ, ಸರಿಯಾಗಿ ಪಂಚಮಿ ಆಸುಪಾಸಿನಲ್ಲೇ. ಪಂಚಮಿಗೆ ಹೇಗೂ ಶೇಂಗಾ ಉಂಡಿ, ಪುಟಾಣಿ (ಹುರಿಗಡಲೆ) ಉಂಡಿ, ಎಳ್ಳುಂಡಿ ಕಟ್ಟುತ್ತೀರಿ. ಪ್ರತಿಯೊಂದರಲ್ಲೂ ಇಪ್ಪತ್ತು ಹೆಚ್ಚಿಗೆ ಕಟ್ಟಿ ಬೇರೆ ಡಬ್ಬಿಗೆ ಹಾಕಿಡಿ. ಇದಕ್ಕಿಂತ ಒಳ್ಳೆಯ ನೆರೆಯ ಆಹಾರ ಪೇಟೆಯಲ್ಲಿ ಸಿಗುವುದಿಲ್ಲ. ಶ್ರಾವಣ ಕಳೆಯಿತೆಂದು ಎಲ್ಲವನ್ನೂ ಖಾಲಿ ಮಾಡಬೇಡಿ. 2009ರಲ್ಲಿ ನೆರೆ ಬಂದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ. ಗಣಪತಿ ಹಬ್ಬ ಮುಗಿದ ಮೇಲೆ ಮೂರನೇ ಕಂತಿನ ರೊಟ್ಟಿ ಮಾಡಿಕೊಳ್ಳಬೇಕು.

ಐದು ಜನರಿಗೆ ಏಳು ದಿನ

ಮೂವರು ದೊಡ್ಡವರು, ಇಬ್ಬರು ಮಕ್ಕಳು ಎಂದು ಹಿಡಿಯೋಣ. ದೊಡ್ಡವರಿಗೆ ದಿನಕ್ಕೆ ನಾಲ್ಕು ರೊಟ್ಟಿ, ಮಕ್ಕಳಿಗೆ ಎರಡು, ಒಟ್ಟು 16. ಏಳು ದಿನಕ್ಕೆ 112. ಒಡೆದು ಹೋಗುವುದನ್ನೂ ಬಂದ ನೆಂಟರನ್ನೂ ಲೆಕ್ಕಕ್ಕೆ ಹಿಡಿದು 125 ಮಾಡಿ. ತೆಳ್ಳಗೆ ಬಡಿದರೆ ಒಂದು ಕಿಲೋ ಹಿಟ್ಟಿಗೆ ಸುಮಾರು 15 ರೊಟ್ಟಿ ಬರುತ್ತವೆ, ಅಂದರೆ ಎಂಟು ಕಿಲೋಗಿಂತ ತುಸು ಹೆಚ್ಚು ಹಿಟ್ಟು ಬೇಕು. ಜೊತೆಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಅರ್ಧ ಕಿಲೋ, ಗುರೆಳ್ಳು ಅಥವಾ ಅಗಸಿ ಹಿಂಡಿ ಅರ್ಧ ಕಿಲೋ, ಅವಲಕ್ಕಿ 2 ಕಿಲೋ, ಪುಟಾಣಿ 1 ಕಿಲೋ, ಹುರಿದ ಶೇಂಗಾ 1 ಕಿಲೋ, ಬೆಲ್ಲ 2 ಕಿಲೋ, ಹಾಲಿನ ಪುಡಿ ಅರ್ಧ ಕಿಲೋ, ಎಣ್ಣೆ 1 ಲೀಟರ್, ಉಪ್ಪು, ಸಕ್ಕರೆ, ಚಹಾಪುಡಿ.

ಒಲೆ ಹೊತ್ತಿಸಲು ಸಾಧ್ಯವಾದರೆ ಎಂದು 3 ಕಿಲೋ ಅಕ್ಕಿ, ಒಂದೂವರೆ ಕಿಲೋ ಹೆಸರು ಬೇಳೆ ಇಡಿ. ತೊಗರಿ ಬೇಳೆ ಬೇಡ. ಹೆಸರು ಬೇಳೆ ಬೇಗ ಬೇಯುತ್ತದೆ, ಅಕ್ಕಿಯ ಜೊತೆಗೇ ಒಂದೇ ಪಾತ್ರೆಯಲ್ಲಿ ಖಿಚಡಿಯಾಗುತ್ತದೆ, ಇಂಧನ ಉಳಿಯುತ್ತದೆ. ಚುರಮುರಿ ಹಗುರವೇನೋ ಹೌದು, ಆದರೆ ಚೀಲವೆಲ್ಲ ಅದೇ ತುಂಬಿಕೊಳ್ಳುತ್ತದೆ. ಮಳೆಗಾಲದ ಗಾಳಿಗೆ ಅರ್ಧ ದಿನದಲ್ಲಿ ಮೆತ್ತಗಾಗುತ್ತದೆ.

ಹಿಟ್ಟು ಬೀಸಿಟ್ಟುಕೊಂಡರಾಯಿತು ಎಂದುಕೊಳ್ಳಬೇಡಿ. ಕಾಳಿನ ಮೊಳಕೆ ಭಾಗದಲ್ಲಿ ಎಣ್ಣೆ ಇರುತ್ತದೆ. ಬೀಸಿದ ಮೇಲೆ ಅದು ಗಾಳಿಗೆ ಸಿಕ್ಕಿ ಹಿಟ್ಟು ಕಹಿಯಾಗುತ್ತದೆ. ಜೋಳದ ಹಿಟ್ಟು ಕೆಲವು ವಾರ ತಡೆದೀತು, ಸಜ್ಜೆ ಹಿಟ್ಟು ಅಷ್ಟೂ ತಡೆಯದು. ಅದೇ ಹಿಟ್ಟು ಖಡಕ್ ರೊಟ್ಟಿಯಾದರೆ ತಿಂಗಳು ದಾಟಿಯೂ ಇರುತ್ತದೆ.

ರೊಟ್ಟಿ ಕೆಡುವುದು ಎಲ್ಲಿ

ಹೆಣ್ಣುಮಕ್ಕಳಿಗೆ ರೊಟ್ಟಿ ಬಡಿಯುವುದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ದಿನದ ರೊಟ್ಟಿಗೂ ಕೂಡಿಡುವ ರೊಟ್ಟಿಗೂ ನಾಲ್ಕು ಕಡೆ ವ್ಯತ್ಯಾಸವಿದೆ.

ಒಂದು, ಹೊಸದಾಗಿ ಬೀಸಿದ ಹಿಟ್ಟೇ ಆಗಬೇಕು. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ, ಸೀಳಿದ ರೊಟ್ಟಿ ಡಬ್ಬಿಯಲ್ಲಿ ಪುಡಿಯಾಗುತ್ತದೆ. ಎಸರು ಕುದಿಯುತ್ತಿರುವಾಗಲೇ ಹಾಕಿ ನಾದಬೇಕು.

ಎರಡು, ದಪ್ಪ ಎಲ್ಲ ಕಡೆ ಒಂದೇ ಇರಬೇಕು. ನಡುವೆ ದಪ್ಪ ಉಳಿದರೆ ಅಂಚು ಖಡಕ್ಕಾದರೂ ನಡುಭಾಗದಲ್ಲಿ ಹಸಿ ಉಳಿಯುತ್ತದೆ. ಬೂಷ್ಟು ಹತ್ತುವುದು ಅಲ್ಲಿಂದಲೇ.

ಮೂರು, ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬದಿಗೆ, ಕೆಂಡದ ಶಾಖ ತಾಗುವಂತೆ, ಒಂದಕ್ಕೊಂದು ಆನಿಸಿ ನಿಲ್ಲಿಸಿ. ಆಗಾಗ ತಿರುವಿ. ಗ್ಯಾಸ್ ಒಲೆಯಾದರೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತ ಎರಡೂ ಬದಿ ಒಣಗಿಸಿ. ಮುರಿದರೆ ಹಪ್ಪಳದಂತೆ ಚಟ್ಟೆಂದು ಮುರಿಯಬೇಕು. ಬಾಗಿ ಮುರಿದರೆ ಇನ್ನೂ ನೀರಿದೆ ಎಂದೇ ಅರ್ಥ. ಅಂಥದ್ದನ್ನು ಇವತ್ತಿನ ಊಟಕ್ಕೆ ತೆಗೆಯಿರಿ.

ನಾಲ್ಕು, ಪೂರಾ ಆರುವ ತನಕ ಪೇರಿಸಬೇಡಿ. ಬೆಚ್ಚಗಿರುವಾಗ ಡಬ್ಬಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕೂಡುತ್ತದೆ, ಅದು ಮೇಲಿನ ರೊಟ್ಟಿಗೆ ಹನಿಯುತ್ತದೆ, ವಾರದೊಳಗೆ ಡಬ್ಬಿಯೆಲ್ಲ ವಾಸನೆ. ಬುಟ್ಟಿಯಲ್ಲಿ ಬಟ್ಟೆ ಸುತ್ತಿಡುವುದು ಬೇಸಿಗೆಗೆ ಸರಿ, ಮಳೆಗಾಲಕ್ಕೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಬೇಕು. ಒಂದೇ ದೊಡ್ಡ ಡಬ್ಬಿಗಿಂತ ತಲಾ 30-35 ರೊಟ್ಟಿ ಹಿಡಿಯುವ ನಾಲ್ಕು ಡಬ್ಬಿ ವಾಸಿ. ಒಂದನ್ನು ತೆರೆದಾಗ ಉಳಿದ ಮೂರಕ್ಕೆ ಗಾಳಿ ತಾಗುವುದಿಲ್ಲ.

ಹಿಂಡಿಗೆ ಶೇಂಗಾ ಒಳಗಿನ ತನಕ ಹುರಿದಿರಬೇಕು. ಬೆಳ್ಳುಳ್ಳಿಯಲ್ಲಿ ನೀರಿನಂಶ ಇರುವುದರಿಂದ ಕೂಡಿಡುವ ಹಿಂಡಿಗೆ ಅದನ್ನು ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದೇ ಹಾಕಿ. ಬಣ್ಣಗೆಟ್ಟ, ಸುಕ್ಕುಗಟ್ಟಿದ, ಬೂಷ್ಟಿನ ಶೇಂಗಾ ಬೀಜವನ್ನು ಆರಿಸಿ ಎಸೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಚೀಲದ ಜೋಳ, ಹಗೇವಿನ ಜೋಳ

ವರ್ಷದ ಕಾಳನ್ನು ಮೇ ಬಿಸಿಲಲ್ಲಿ ಎರಡು ಮೂರು ದಿನ ಒಣಗಿಸಿ. ಹಲ್ಲಿಗೆ ಹಾಕಿ ಕಚ್ಚಿದರೆ ಕಟ್ಟೆಂದು ಒಡೆಯಬೇಕು. ಒಂದು ರಾತ್ರಿ ಆರಲು ಬಿಟ್ಟು ಬೆಳಿಗ್ಗೆ ತುಂಬಿ. ಬೇವಿನ ಎಲೆ ಹಾಕುವುದಾದರೆ ನೆರಳಲ್ಲಿ ಒಣಗಿಸಿದ್ದೇ ಆಗಬೇಕು, ಹಸಿ ಎಲೆ ಕಾಳಿಗೆ ತೇವ ಕೊಟ್ಟು ನುಸಿಗೆ ಅನುಕೂಲ ಮಾಡುತ್ತದೆ. ಕಾಳಿಗಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಜನ ಮಲಗುವ ಮನೆಯಲ್ಲಿ ಇಡಲೇಬೇಡಿ. ತೇವ ತಾಗಿದೊಡನೆ ಅದರಿಂದ ಪ್ರಾಣ ತೆಗೆಯುವ ಗಾಳಿ ಹೊರಡುತ್ತದೆ. ನೆರೆ ನೀರು ಬರುವ ಮನೆಯಲ್ಲಿ ತೇವಕ್ಕೇನು ಬರವೇ?

ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಇರುವವರು, ಅದು ಹಿಂದೆ ನೀರು ಬಂದ ಜಾಗವಾದರೆ, ಜೂನ್ ಒಳಗೆ ಕಾಳು ತೆಗೆದುಬಿಡಿ. ನೀರು ಹೊಕ್ಕ ಕಾಳು ಹಗೇವಿನಲ್ಲಿ ಹುಳಿಯುತ್ತದೆ, ಆ ಗಾಳಿ ತಳದಲ್ಲೇ ಕೂತಿರುತ್ತದೆ. ಮೇಲಿನಿಂದ ಏನೂ ಗೊತ್ತಾಗುವುದಿಲ್ಲ; ಇಳಿದವರು ಉಸಿರು ಕಟ್ಟಿ ಕುಸಿಯುತ್ತಾರೆ, ಅವರನ್ನು ಎತ್ತಲು ಇಳಿದವರೂ ಹಾಗೇ. ಬಾಯಿ ತೆರೆದು ದಿನವಿಡೀ ಬಿಡಿ, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡಿ. ದೀಪ ಆರಿದರೆ ಯಾರೂ ಇಳಿಯಬಾರದು. ಆರದಿದ್ದರೂ ಇಳಿಯುವವರ ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಇಬ್ಬರು ಹಿಡಿದು ನಿಂತಿರಬೇಕು.

ನೀರು

ಸುತ್ತ ನೀರೇ ಇದ್ದರೂ ಕುಡಿಯಲು ಹನಿ ಇರುವುದಿಲ್ಲ. ಖಡಕ್ ರೊಟ್ಟಿ, ಹಿಂಡಿ ತಿಂದವರಿಗೆ ನೀರಡಿಕೆಯೂ ಹೆಚ್ಚು. ಕುಡಿಯಲು ಒಬ್ಬರಿಗೆ ದಿನಕ್ಕೆ 3 ಲೀಟರ್, ಅಡುಗೆಗೆ, ಕೈಬಾಯಿಗೆ 2 ಲೀಟರ್ ಎಂದರೆ ಐದು ಜನಕ್ಕೆ ದಿನಕ್ಕೆ 25, ವಾರಕ್ಕೆ 175 ಲೀಟರ್. ಇಷ್ಟನ್ನೂ ತುಂಬಿಡುವುದು ಹೆಚ್ಚಿನ ಮನೆಗಳಿಗೆ ಆಗದ ಮಾತು. 20 ಲೀಟರಿನ ಮೂರು ಕ್ಯಾನು ತುಂಬಿಡಿ, ಉಳಿದದ್ದಕ್ಕೆ ಶುದ್ಧ ಮಾಡುವ ಸಾಮಾನು ಇಟ್ಟುಕೊಳ್ಳಿ. ಘಟಕದಿಂದ ತಂದ ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹಾಗಾಗಿ ಅದು ಬೇಗ ಪಾಚಿಗಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ದನಕ್ಕೆ ಕುಡಿಸಿ ಹೊಸದು ತುಂಬಿ.

ಬಗ್ಗಡ ನೀರನ್ನು ಮೊದಲು ತಿಳಿಯಾಗಲು ಬಿಟ್ಟು ನಾಲ್ಕು ಮಡಿಕೆ ಹತ್ತಿ ಬಟ್ಟೆಯಲ್ಲಿ ಸೋಸಬೇಕು. ಕೆಸರಿದ್ದರೆ ಕ್ಲೋರಿನ್ ಅದರ ಮೇಲೇ ಸವೆದುಹೋಗುತ್ತದೆ, ರೋಗಾಣು ಉಳಿಯುತ್ತದೆ. ಆಮೇಲೆ ಕುದಿಸುವುದಾದರೆ ಗುಳ್ಳೆ ಎದ್ದು ಕೊತಕೊತ ಎಂದ ಮೇಲೆ ಒಂದು ನಿಮಿಷ. ಇಲ್ಲವಾದರೆ ಕ್ಲೋರಿನ್ ಗುಳಿಗೆ, ಪೊಟ್ಟಣದ ಮೇಲೆ ಬರೆದ ಅಳತೆಯಂತೆ. ಅರ್ಧ ತಾಸು ಬಿಟ್ಟು ಕುಡಿಯಿರಿ. ಬ್ಲೀಚಿಂಗ್ ಪೌಡರ್ ಕ್ಯಾನಿಗೆ ಆಗಿಬರುವುದಿಲ್ಲ. 1000 ಲೀಟರ್ ತಿಳಿನೀರಿಗೆ ಬೇಕಾದದ್ದೇ ಸುಮಾರು ಎರಡೂವರೆ ಗ್ರಾಂ, ಒಂದು ಕ್ಯಾನಿನ ಲೆಕ್ಕ ಚಿಟಿಕೆಗೂ ಸಿಗದು. ಅದನ್ನು ಟಾಕಿಗೆ ಮಾತ್ರ ಬಳಸಿ, ಒಂದು ತಾಸು ಬಿಡಿ. ಪೌಡರಿನ ಡಬ್ಬಿ ತೆರೆದಿಟ್ಟರೆ ಸತ್ವ ಹಾರಿಹೋಗುತ್ತದೆ. ಮೂಗಿಗೆ ಘಾಟು ಹೊಡೆಯದ ಹಳೆಯ ಪೌಡರು ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಎಲ್ಲಿ ಇಡಬೇಕು

ಹಿಂದಿನ ನೆರೆಯ ನೀರು ಗೋಡೆಯ ಮೇಲೆ ಎಲ್ಲಿಯ ತನಕ ಬಂದಿತ್ತೆಂದು ಮನೆಯವರಿಗೆ ಗೊತ್ತಿರುತ್ತದೆ. ಅದಕ್ಕಿಂತ ಎರಡು ಅಡಿ ಮೇಲೆ ಹಲಗೆ ಹೊಡೆಯಿರಿ. ಇದು ಸಿಮೆಂಟು ಮನೆಯ ಮಾತು. ಮಣ್ಣಿನ ಗೋಡೆಯ ಮನೆಯಲ್ಲಿ ಎಷ್ಟು ಎತ್ತರದಲ್ಲಿಟ್ಟರೂ ನಂಬುವಂತಿಲ್ಲ. ಗೋಡೆ ಬುಡದಿಂದ ನೆನೆದು, ಎಷ್ಟೋ ಸಲ ನೀರು ಇಳಿದ ಮೇಲೆಯೇ ಕುಸಿಯುತ್ತದೆ. ಅಂಥವರು ವಾರದ ಬುತ್ತಿಯನ್ನು ಜುಲೈಯಲ್ಲೇ ದಿಬ್ಬದ ಮೇಲಿನ ಬೀಗರ ಮನೆಗೋ ಗೆಳೆಯರ ಮನೆಗೋ ಮುಟ್ಟಿಸಿಡಬೇಕು.

ಒಂದು ಚೀಲ ಮಾತ್ರ ಬಾಗಿಲ ಬಳಿ ಇರಲಿ. 35 ರೊಟ್ಟಿಯ ಒಂದು ಡಬ್ಬಿ, ಒಂದು ಬಾಟಲಿ ಹಿಂಡಿ, ಉಂಡಿ, ಬೆಲ್ಲ, ಬ್ಯಾಟರಿ, ಬಿಗಿ ಮುಚ್ಚಳದ ಬಾಟಲಿಯಲ್ಲಿ ಕಡ್ಡಿಪೆಟ್ಟಿಗೆ, ಚಾರ್ಜ್ ಆದ ಪವರ್ ಬ್ಯಾಂಕ್, ಹೆಣ್ಣುಮಕ್ಕಳ ಪ್ಯಾಡು, ಭೇದಿಯಾದಾಗ ಕುಡಿಸುವ ಒಆರ್‌ಎಸ್ ಪೊಟ್ಟಣ ಹತ್ತು. ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಸಕ್ಕರೆ ಆರು ಚಹಾ ಚಮಚ, ಉಪ್ಪು ಅರ್ಧ ಚಮಚ, ಎರಡೂ ಸಮಮಟ್ಟ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಬಿಪಿ, ಶುಗರ್ ಗುಳಿಗೆ ತಿಂಗಳಿಗಾಗುವಷ್ಟು. ಆಧಾರ್, ಪಡಿತರ ಚೀಟಿ, ಹೊಲದ ಉತಾರ (ಪಹಣಿ), ಪಾಸ್‌ಬುಕ್ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ. ಅವುಗಳ ಫೋಟೊ ಊರಾಚೆಯ ಒಬ್ಬ ನೆಂಟರ ಫೋನಿನಲ್ಲೂ ಇರಲಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತಿಗೆ 112, ಆಂಬುಲೆನ್ಸಿಗೆ 108 ಕಾಗದದ ಮೇಲೆ ಬರೆದು ಹಾಕಿ. ಫೋನು ಸತ್ತರೆ ಅದರೊಳಗಿನ ನಂಬರೂ ಸತ್ತಂತೆಯೇ.

ಹೊರಡುವ ಮುನ್ನ ಮೇನ್ ಸ್ವಿಚ್ ತೆಗೆಯಿರಿ. ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ಮುಚ್ಚಳ ಹಾಕಿ ಕಂಬಕ್ಕೆ ನೆಟ್ಟಗೆ ಕಟ್ಟಿ. ತುಂಬಿದ ಸಿಲಿಂಡರೂ ನೀರಲ್ಲಿ ತೇಲುತ್ತದೆ. ತಿರುಗಿ ಬಂದವರಿಗೆ ಬೇಕಾಗುವ ಹತ್ತಿ ಕಟ್ಟಿಗೆ, ಕುಳ್ಳು ತಾಡಪತ್ರಿಯಲ್ಲಿ ಸುತ್ತಿ ಮೇಲಕ್ಕೇರಿಸಿ.

ದನದ ಬುತ್ತಿ

ಎಮ್ಮೆ, ಎತ್ತು ಬಿಟ್ಟು ಬರಲಾರೆವೆಂದು ಕೊನೆಯ ಗಳಿಗೆಯ ತನಕ ಮನೆಯಲ್ಲೇ ಉಳಿಯುವವರು ಬಹಳ. ಅವರ ಮನಸ್ಸು ಅರ್ಥವಾಗುವಂಥದ್ದೇ. ಅದಕ್ಕೇ ದನದ ಮೇವನ್ನು ಮೊದಲು ಸಾಗಿಸಿ. ಒಂದು ದೊಡ್ಡ ಜಾನುವಾರಿಗೆ ದಿನಕ್ಕೆ ಆರೇಳು ಕಿಲೋ ಒಣ ಕಣಕಿ (ಜೋಳದ ದಂಟಿನ ಮೇವು), ಒಂದು ಕಿಲೋ ಕಾಳಿನ ನುಚ್ಚು ಅಥವಾ ದನಕ್ಕಿಡುವ ಎಣ್ಣೆಗಾಣದ ಹಿಂಡಿ ಎಂದರೆ ವಾರಕ್ಕೆ 50 ಕಿಲೋ ಕಣಕಿ. ಕೊಚ್ಚಿ ಚೀಲಕ್ಕೆ ತುಂಬಿದರೆ ಸಿವುಡಿಗಿಂತ ಕಡಿಮೆ ಜಾಗ ಸಾಕು, ಟ್ರ್ಯಾಕ್ಟರಿಗೆ ಏರಿಸುವುದೂ ಸುಲಭ. ತೊಯ್ದು ಬೂಷ್ಟು ಹತ್ತಿದ ಕಣಕಿ ಹಾಕಬೇಡಿ. ಗಂಟಲು ಬೇನೆ, ಚಪ್ಪೆ ಬೇನೆಯ ಲಸಿಕೆ ಮಳೆಗಾಲಕ್ಕೆ ಮುಂಚೆಯೇ ಆಗಿರಬೇಕು. ಸಾಗಿಸಲು ಆಗದೇ ಹೋದರೆ ಕೊರಳ ಹಗ್ಗ ಬಿಚ್ಚಿ ಬಿಡಿ, ಬಿಟ್ಟ ದನ ದಿಬ್ಬ ಹುಡುಕಿಕೊಳ್ಳುತ್ತದೆ.

ನೀರು ಇಳಿದ ಮೇಲೆ

ಕೋಲಿನಿಂದ ತಟ್ಟುತ್ತ ಒಳಗೆ ಹೋಗಿ, ಮೂಲೆಗಳಲ್ಲಿ ಹಾವು ಸೇರಿರುತ್ತವೆ. ನೆರೆ ನೀರು ತಾಗಿದ ಹಿಟ್ಟು, ಅಕ್ಕಿ, ಬೇಳೆ, ಬೆಲ್ಲ ಯಾವುದನ್ನೂ ಒಣಗಿಸಿ ತಿನ್ನಬೇಡಿ. ಅದು ಬರೀ ನೀರಲ್ಲ, ಊರಿನ ಚರಂಡಿ, ಪಾಯಖಾನೆ, ಸತ್ತ ದನ ಎಲ್ಲವೂ ಬೆರೆತದ್ದು. ತಿರುಗಿಸುವ ಮುಚ್ಚಳದ ಬಾಟಲಿ ಮುಳುಗಿದ್ದರೆ ಒಳಗೆ ಒಣಗಿದಂತೆ ಕಂಡರೂ ಎಸೆಯಿರಿ, ಮುಚ್ಚಳದ ಸುತ್ತಿನ ಸಂದಿಯಲ್ಲಿ ಕೆಸರು ನೀರು ಕೂತಿರುತ್ತದೆ. ಬೋರ್‌ವೆಲ್ ಮುಳುಗಿದ್ದರೆ ಕ್ಲೋರಿನ್ ಹಾಕಿ ಪರೀಕ್ಷೆ ಆಗುವ ತನಕ ಅದರ ನೀರು ಕುದಿಸಿಯೇ ಕುಡಿಯಿರಿ.

ನೆರೆ ಬಾರದೆ ಶೀಗಿ ಹುಣ್ಣಿಮೆ ಕಳೆದರೆ ಡಬ್ಬಿಗಳನ್ನು ಇಳಿಸಿ. ರೊಟ್ಟಿ, ಹಿಂಡಿ ಬುತ್ತಿಗಂಟಾಗಿ ಹೊಲಕ್ಕೆ ಹೋಗಲಿ, ಅಕ್ಕಿ ಬೇಳೆ ಅಡುಗೆಮನೆಗೆ ಬರಲಿ. ಕ್ಯಾನು, ಡಬ್ಬಿ ತೊಳೆದು ಬಿಸಿಲಿಗೆ ಬೋರಲು ಹಾಕಿ, ಒಣಗಿದ ಮೇಲೆ ಮುಚ್ಚಳ ಬಿಗಿಯದೆ ಅದೇ ಹಲಗೆಯ ಮೇಲಿಡಿ.