ಟೈಮ್‌ಟೇಬಲ್ ಹಾಕೋಕೆ ಕೂತಾಗ ನಾನು ಮೊದಲು ಬರೆಯೋದು ಕೊನೆಯ ಬಸ್ಸು

ಸಿಯಾಟಲ್‌ನಿಂದ ಉತ್ತರಕ್ಕೆ ಐ-5 ಹೆದ್ದಾರಿ ಹಿಡಿದರೆ ಎವರೆಟ್ ದಾಟಿದ ಮೇಲೆ ಹೊಲ, ನದಿ, ಚಿಕ್ಕ ಚಿಕ್ಕ ಊರು ಶುರುವಾಗುತ್ತವೆ. ಅಲ್ಲಿನ ಒಂದು ಕೌಂಟಿಯಲ್ಲಿ ಬಸ್ ರೂಟು, ಟೈಮಿಂಗ್ ಹಾಕುವುದು ನನ್ನ ಕೆಲಸ. ಕೌಂಟಿ ಅಂದರೆ ಜಾಗದಲ್ಲಿ ನಮ್ಮ ಒಂದು ಜಿಲ್ಲೆಯ ಹಾಗೆ, ಜನ ಮಾತ್ರ ಒಂದು ತಾಲೂಕಿನಷ್ಟು.

2024ರ ಆಗಸ್ಟ್ 30ರಂದು ಸಿಯಾಟಲ್‌ನ ಲಿಂಕ್ ಅನ್ನೋ ನಗರ ರೈಲು, ಸಿಯಾಟಲ್‌ಗೂ ಎವರೆಟ್‌ಗೂ ನಡುವೆ ಇರುವ ಲಿನ್‌ವುಡ್‌ವರೆಗೆ ಬಂತು. ಸೆಪ್ಟೆಂಬರ್‌ನಲ್ಲಿ ಪಕ್ಕದ ಕೌಂಟಿಯವರು ಸಿಯಾಟಲ್ ಪೇಟೆಗೆ ನೇರವಾಗಿ ಓಡಿಸುತ್ತಿದ್ದ ಬಸ್ಸುಗಳನ್ನು ನಿಲ್ಲಿಸಿ, ಅದೇ ಡ್ರೈವರ್‌ಗಳನ್ನು ತಮ್ಮ ಒಳಗಿನ ರೂಟುಗಳಿಗೆ ಹಾಕಿಕೊಂಡರು. ಸರಿಯಾಗೇ ಮಾಡಿದರು. ಕೆಲವೇ ನಿಮಿಷಕ್ಕೊಂದು ರೈಲು ಇರುವಾಗ ಬಸ್ಸು ಹೋಗಿ ಟ್ರಾಫಿಕ್‌ನಲ್ಲಿ ಯಾಕೆ ನಿಲ್ಲಬೇಕು? ಆದರೆ ನಮ್ಮ ಬಸ್ಸು ಜನರನ್ನು ಎವರೆಟ್‌ನಲ್ಲಿ ಇಳಿಸುತ್ತದೆ, ಅವರು ಅಲ್ಲಿಂದ ಲಿನ್‌ವುಡ್‌ಗೆ ಪಕ್ಕದವರ ಬಸ್ಸು ಹಿಡಿಯಬೇಕಲ್ವಾ. ಆ ಕಡೆ ಐದು ನಿಮಿಷ ಅಲ್ಲಾಡಿದರೆ ಈ ಕಡೆ ಪೂರ್ತಿ ಒಂದು ಗಂಟೆ ಹೋಗುತ್ತದೆ, ಯಾಕಂದರೆ ನಮ್ಮದು ಗಂಟೆಗೊಂದೇ.

ಊರಿನ ಸಭೆಗಳಲ್ಲಿ ಎಲ್ಲರೂ ಕೇಳುವುದು ಬೆಳಿಗ್ಗೆ ಬೇಗ ಹೊರಡುವ ಬಸ್ಸು. ನಾನು ಉಲ್ಟಾ ಶುರು ಮಾಡಿದೆ. ಸಂಜೆ ಪಾಳಿ ಮುಗಿಸಿ ಲಿನ್‌ವುಡ್‌ನಲ್ಲಿ ಇಳಿದವರು ಎವರೆಟ್‌ಗೆ ಬರುವ ಹೊತ್ತಿಗೆ ನಮ್ಮ ಕೊನೆಯ ಬಸ್ಸು ಹೊರಟಿದ್ದರೆ ಅವರು ಮಾರನೇ ದಿನದಿಂದ ಬೆಳಿಗ್ಗೆಯೇ ಕಾರು ತೆಗೆಯುತ್ತಾರೆ. ಬೆಳಗಿನ ಬಸ್ಸು ಖಾಲಿ ಅಂತ ಬೈಯುವವರಿಗೆ ಇದು ಹೊಳೆಯುವುದೇ ಇಲ್ಲ. ಅದಕ್ಕೇ ಮೊದಲು ರಾತ್ರಿಯ ಬಸ್ಸು ಗಟ್ಟಿ ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬೆಳಿಗ್ಗೆಗೆ ಬಂದೆ.

ಲೆಕ್ಕ ಹೀಗೆ. ನಮ್ಮ ಬಸ್ಸು ಎವರೆಟ್‌ಗೆ ಹೋಗಲು 55 ನಿಮಿಷ, ಬರಲು 53, ಒಟ್ಟು 108. ಎರಡು ಬಸ್ಸಿನಲ್ಲಿ ಗಂಟೆಗೊಂದು ಟ್ರಿಪ್ ಬೇಕಂದರೆ ಒಂದು ಸುತ್ತಿಗೆ 120 ನಿಮಿಷ ಸಿಗುತ್ತದೆ, ಉಳಿಯುವುದು 12. ಈ 12 ನಿಮಿಷ ಎಲ್ಲಿ ಇಡುತ್ತೀರಿ ಅನ್ನೋದರಲ್ಲೇ ಎಲ್ಲ ಇದೆ. ಎರಡು ತುದಿಗೂ ಸಮ ಹಂಚುವುದು ರೂಢಿ. ನಾನು 9 ನಿಮಿಷ ಎವರೆಟ್‌ನಲ್ಲೇ ಇಟ್ಟೆ. ನಮ್ಮದು ಗಂಟೆ ದಾಟಿ 20ಕ್ಕೆ ಬರುತ್ತದೆ, ಲಿನ್‌ವುಡ್ ಕಡೆಯಿಂದ ಅವರದು 24ಕ್ಕೆ ಬಂದು ಜನರನ್ನು ಇಳಿಸುತ್ತದೆ, ಆ ಕಡೆಗೆ ಹೋಗುವುದು 26ಕ್ಕೆ, ನಮ್ಮದು 29ಕ್ಕೆ ವಾಪಸ್. ಎರಡೂ ದಿಕ್ಕಿನವರಿಗೆ ಬಸ್ಸು ಸಿಕ್ಕಿತು, ಡ್ರೈವರ್‌ಗೆ ಟಾಯ್ಲೆಟ್‌ಗೆ ಹೋಗಲೂ ಹೊತ್ತು ಸಿಕ್ಕಿತು. ಇನ್ನೊಂದು ವಿಷಯ, ಓಡುವ ಸಮಯಕ್ಕೆ ಜಿಪಿಎಸ್‌ನ ಸರಾಸರಿ ನಂಬಬೇಡಿ. ಸರಾಸರಿ ಹಿಡಿದರೆ ಅರ್ಧಕ್ಕರ್ಧ ಟ್ರಿಪ್ ಲೇಟು ಅಂತಲೇ ಅರ್ಥ. ಹತ್ತರಲ್ಲಿ ಒಂಬತ್ತು ಟ್ರಿಪ್ ಎಷ್ಟರೊಳಗೆ ಮುಗಿಯುತ್ತದೆ ಅಂತ ನೋಡಿ.

ಆಮೇಲೆ ಬಂತು, ಬಸ್ಸು ಕ್ಲಿನಿಕ್‌ಗೂ ಬರಲಿ ಅನ್ನೋ ಬೇಡಿಕೆ. "ಬರೀ ಐದು ನಿಮಿಷ ಒಳಗೆ ಹೋಗಿ ಬನ್ನಿ." ಹೋಗ್ತಾ ಐದು, ಬರ್ತಾ ಐದು, 118 ಆಯಿತು. ಉಳಿದ ಎರಡು ನಿಮಿಷಕ್ಕೆ ಯಾವ ಬಸ್ಸೂ ಟೈಮಿಗೆ ಓಡಲ್ಲ, ಮೂರನೇ ಬಸ್ಸೇ ಬೇಕು. ಹಳ್ಳಿ ಸಾರಿಗೆಗೆ ಅಮೆರಿಕದ ಕೇಂದ್ರ ಸರ್ಕಾರ 5311 ಅನ್ನೋ ಅನುದಾನ ಕೊಡುತ್ತದೆ, ಓಡಿಸುವ ಖರ್ಚಿಗೆ ಸಾಮಾನ್ಯವಾಗಿ ಅರ್ಧದವರೆಗೆ ಮಾತ್ರ. ಉಳಿದದ್ದಕ್ಕೆ ಇಲ್ಲಿ ಮುಖ್ಯ ಆಧಾರ ಸ್ಥಳೀಯ ಮಾರಾಟ ತೆರಿಗೆ. ಹಾಗಾಗಿ ಕ್ಲಿನಿಕ್ಕನ್ನು ದೊಡ್ಡ ರೂಟಿಗೆ ಸೇರಿಸದೆ ಸಣ್ಣ ಬಸ್ಸಿಗೆ ಕೊಟ್ಟೆ. ಫೋನ್ ಮಾಡಿದರೆ ಯಾರಿಗಾದರೂ ಮುಕ್ಕಾಲು ಮೈಲಿವರೆಗೆ ದಾರಿ ಬಿಟ್ಟು ಬರುವ ಬಸ್ಸು ಅದು. ಮಾಮೂಲಿ ರೂಟಿನಲ್ಲಿ ಅಂಗವಿಕಲರಿಗೆ ಅಷ್ಟೇ ದೂರದೊಳಗೆ ಬೇರೆ ವ್ಯಾನ್ ಓಡಿಸಬೇಕು, ಅದು ಕಾನೂನು. ಹೀಗೆ ಎಲ್ಲರಿಗೂ ಬಳಸಿ ಬರುವ ಬಸ್ಸಿಗೆ ಅದು ಬೇಕಿಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟ ಬದಲಾವಣೆಯ ಐಡಿಯಾ ಮಾತ್ರ ನಮ್ಮ ಕರ್ನಾಟಕದ್ದು. ಹಾಲ್ಟಿಂಗ್ ಬಸ್ ಗೊತ್ತಲ್ಲ, ರಾತ್ರಿ ಕೊನೆ ಹಳ್ಳಿಯಲ್ಲಿ ತಂಗಿ ಬೆಳಿಗ್ಗೆ ಅಲ್ಲಿಂದಲೇ ಹೊರಡುವುದು. ಇಲ್ಲಿ ಪೂರ್ವದ ತುದಿಗೆ ದಿನಾ ಬೆಳಿಗ್ಗೆ ಡಿಪೋದಿಂದ ಖಾಲಿ ಬಸ್ಸು ಹೋಗುತ್ತಿತ್ತು, ರಾತ್ರಿ ಖಾಲಿ ಬರುತ್ತಿತ್ತು. ಒಂದು ಬಸ್ಸನ್ನು ಆ ಕಡೆಯೇ ಬೇಲಿ ಹಾಕಿದ ಜಾಗದಲ್ಲಿ ನಿಲ್ಲಿಸಿದರೆ ಆ ಖಾಲಿ ಓಟವೇ ಇನ್ನೊಂದು ಟ್ರಿಪ್ ಆಗುತ್ತದೆ ಅಂದೆ. ಡೀಸೆಲ್ ಎಲ್ಲಿ, ಹೊರಡುವ ಮುಂಚೆ ಬಸ್ಸು ತಪಾಸಣೆ ಮಾಡುವುದು ಯಾರು ಅಂತ ಎಲ್ಲ ಕೇಳಿದರು, ಅದಕ್ಕೆ ಉತ್ತರ ಇತ್ತು. ಗಂಟು ಬಿದ್ದಿದ್ದು ಬೇರೆ ಕಡೆ. ಇಲ್ಲಿ ಡ್ರೈವರ್‌ಗಳು ಸೀನಿಯಾರಿಟಿ ಪ್ರಕಾರ ಪಾಳಿ ಆರಿಸಿಕೊಳ್ಳುತ್ತಾರೆ. ಆ ತುದಿಯಲ್ಲೇ ಮನೆ ಇರುವ ಡ್ರೈವರ್ ಪಟ್ಟಿಯಲ್ಲಿ ಕೆಳಗಿದ್ದರೆ? ಯೂನಿಯನ್ ಜೊತೆ ಕೂತು, ಆ ಪಾಳಿಗೆ ಬೆಳಿಗ್ಗೆ ಅಲ್ಲೇ ಹಾಜರಾಗಬೇಕು, ಪ್ರಯಾಣದ ಭತ್ಯೆ ಇಲ್ಲ ಅಂತ ಮೊದಲೇ ಬರೆದೆವು. ದೂರದವರು ತಾವಾಗೇ ಬಿಟ್ಟರು.

ಎವರೆಟ್‌ಗೆ ರೈಲು 2037ಕ್ಕಿಂತ ಮೊದಲು ಬರುವ ಯೋಜನೆ ಇಲ್ಲ. ಅಲ್ಲಿಯವರೆಗೆ ಪಕ್ಕದವರ ಟೈಮಿಂಗ್ ಬದಲಾದಾಗೆಲ್ಲ ನಮ್ಮದನ್ನೂ ತಿದ್ದಬೇಕು. ಈಗ ಅವರ ಕರಡನ್ನು ಹೊರಗೆ ಬಿಡುವ ಮುಂಚೆಯೇ ಕೇಳಿ ತರಿಸಿಕೊಳ್ಳುತ್ತೇನೆ. ಈ ಸಲದ್ದರಲ್ಲಿ 24ಕ್ಕೆ ಬರುತ್ತಿದ್ದದ್ದು 31ಕ್ಕೆ ಹೋಗಿದೆ. ಅವರು ನಾಲ್ಕು ನಿಮಿಷ ಬಿಟ್ಟುಕೊಟ್ಟರೆ ಮಿಕ್ಕಿದ್ದನ್ನು ನಾವು ಹೊಂದಿಸಿಕೊಳ್ಳುತ್ತೇವೆ ಅಂತ ಮೇಲ್ ಹಾಕಿದ್ದೇನೆ.