ಕುದುರೆಯೊಂದಿಗೆ ಕಾಡಿನಲ್ಲಿ ತಂಗುವುದು ಹೇಗೆ?

ಅಮೆರಿಕದ ಮಿಚಿಗನ್ ರಾಜ್ಯದಲ್ಲಿ, ಮಿಚಿಗನ್ ಸರೋವರದ ದಡದಲ್ಲಿರುವ ಎಂಪೈರ್ ಎಂಬ ಊರಿನಿಂದ ಹ್ಯೂರಾನ್ ಸರೋವರದ ದಡದ ಆಸ್ಕೋಡಾದವರೆಗೆ, ಕುದುರೆ ಸವಾರರೂ ಚಾರಣಿಗರೂ ಬಳಸುವ ಕಾಡುದಾರಿಯೊಂದು ಹಾದುಹೋಗುತ್ತದೆ. 1960ರ ದಶಕದ ಆರಂಭದಲ್ಲಿ ಸವಾರರ ಒತ್ತಾಸೆಯಿಂದಲೇ ರೂಪುಗೊಂಡ ಈ ದಾರಿಗೆ ‘ಶೋರ್ ಟು ಶೋರ್’ ಎಂದು ಹೆಸರು. ಉತ್ತರಕ್ಕೂ ದಕ್ಷಿಣಕ್ಕೂ ಚಾಚಿರುವ ಕವಲುಗಳನ್ನು ಸೇರಿಸಿದರೆ ಅದರ ಉದ್ದ ಸುಮಾರು 500 ಮೈಲಿ. ದಾರಿಯ ಹೆಚ್ಚಿನ ಪಾಲು ಸರ್ಕಾರಿ ಕಾಡುಗಳ ಮೂಲಕ ಸಾಗುತ್ತದೆ, ಅಲ್ಲಲ್ಲಿ ಕುದುರೆಗಳೊಂದಿಗೆ ತಂಗಲೆಂದೇ ಬಿಡಾರದ ತಾಣಗಳಿವೆ. ಗ್ರೇಲಿಂಗ್ ಪಟ್ಟಣದ ಸಮೀಪ ಮ್ಯಾನಿಸ್ಟೀ ನದಿಯ ಬದಿಯಲ್ಲಿರುವ ಗೂಸ್ ಕ್ರೀಕ್, ಪಿಜನ್ ರಿವರ್ ಕಂಟ್ರಿ ರಾಜ್ಯ ಅರಣ್ಯದೊಳಗಿನ ಎಲ್ಕ್ ಹಿಲ್ ಇಂಥ ತಾಣಗಳು.

ಮೊದಲ ಸಲ ಹೊರಡುವವರು ಸಾಮಾನ್ಯವಾಗಿ ಹಗಲಿನ ಸವಾರಿಯ ಬಗ್ಗೆಯೇ ಯೋಚಿಸುತ್ತಾರೆ. ಆದರೆ ಕುದುರೆಯೊಂದಿಗಿನ ಬಿಡಾರದಲ್ಲಿ ಕಷ್ಟವಾದದ್ದು ರಾತ್ರಿ. ಸವಾರ ಬೆನ್ನ ಮೇಲಿರುವುದು ದಿನಕ್ಕೆ ನಾಲ್ಕೈದು ಗಂಟೆ. ಉಳಿದ ಹೊತ್ತೆಲ್ಲ ಆ ಪ್ರಾಣಿ ಪರಿಚಯವಿಲ್ಲದ ಮರಗಳ ನಡುವೆ, ಪರಿಚಯವಿಲ್ಲದ ಸದ್ದುಗಳನ್ನು ಕೇಳುತ್ತಾ, ಒಂದು ಹಗ್ಗಕ್ಕೆ ಕಟ್ಟಿಸಿಕೊಂಡು ನಿಂತಿರಬೇಕು. ಹಾಗೆ ನಿಲ್ಲಲು ಕಲಿಯದ ಕುದುರೆಯನ್ನು, ಅದು ಸವಾರಿಯಲ್ಲಿ ಎಷ್ಟೇ ಪಳಗಿದ್ದರೂ, ಕಾಡಿಗೆ ಕರೆದೊಯ್ಯಬಾರದು. ಆದ್ದರಿಂದ ಈ ಲೇಖನದ ಬಹುಪಾಲು ಆ ರಾತ್ರಿಯ ಸಿದ್ಧತೆಯನ್ನು ಕುರಿತದ್ದು.

ಮೊದಲು ಜಾಗ, ನಿಯಮ, ಕಾಗದಪತ್ರ

ಮಿಚಿಗನ್ನಿನ ರಾಜ್ಯ ಅರಣ್ಯಗಳ ವಿಸ್ತಾರ ಸುಮಾರು 40 ಲಕ್ಷ ಎಕರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪೈನ್ ಮರಗಳನ್ನು ಬೋಳಾಗುವಂತೆ ಕಡಿದು ಬಿಟ್ಟುಹೋದ, ಆಮೇಲೆ ತೆರಿಗೆ ಬಾಕಿಗಾಗಿ ಸರ್ಕಾರದ ವಶಕ್ಕೆ ಮರಳಿದ ನೆಲವೇ ಇದರಲ್ಲಿ ಹೆಚ್ಚು. ಇಂದು ಕಾಣುವ ಕಾಡು ಮತ್ತೆ ಬೆಳೆಸಿದ ಕಾಡು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಲ್ಲಿನ ನಿಯಮಗಳು ಕಿರಿಕಿರಿ ಎನಿಸುವುದಿಲ್ಲ. ಪಿಜನ್ ರಿವರ್ ಕಂಟ್ರಿಯನ್ನೇ ನೋಡಿ: 1918ರಲ್ಲಿ ಪಶ್ಚಿಮದ ರಾಜ್ಯಗಳಿಂದ ತಂದುಬಿಟ್ಟ ಏಳು ಎಲ್ಕ್ ಜಿಂಕೆಗಳಿಂದ ಬೆಳೆದ ಹಿಂಡು ಇಂದು ಅಲ್ಲಿ ನೆಲೆಸಿದೆ. ವನ್ಯಜೀವಿಗಳ ನೆಮ್ಮದಿ ಕೆಡಬಾರದೆಂದು ಆ ಕಾಡಿನಲ್ಲಿ ಕುದುರೆಗಳು ಎಲ್ಲೆಲ್ಲಿ ಓಡಾಡಬಹುದು ಎಂಬುದಕ್ಕೆ ಉಳಿದ ಕಡೆಗಿಂತ ಬಿಗಿಯಾದ ಕಟ್ಟುಪಾಡುಗಳಿವೆ. ಹೀಗೆ ಒಂದು ಕಾಡಿನ ನಿಯಮ ಇನ್ನೊಂದು ಕಾಡಿಗೆ ಹೊಂದದಿರುವುದರಿಂದ, ಹೋಗಬೇಕೆಂದಿರುವ ತಾಣದ ಹೆಸರು ಹೇಳಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯಿಂದಲೇ ವಿವರ ಪಡೆಯುವುದು ಒಳ್ಳೆಯದು. ಕುದುರೆಗೆ ತೆರೆದಿರುವ ದಾರಿಗಳು ಯಾವುವು, ಜಾಗ ಮುಂಗಡವಾಗಿ ಕಾದಿರಿಸಬೇಕೇ, ಕುದುರೆ ಸಾಗಿಸುವ ಉದ್ದನೆಯ ಟ್ರೇಲರ್ ತಿರುಗಿಸಲು ಸ್ಥಳವಿದೆಯೇ, ಕಟ್ಟಲು ಕಂಬಗಳಿವೆಯೇ, ಲದ್ದಿ ಹಾಕಲು ಗೊತ್ತುಪಡಿಸಿದ ಜಾಗ ಎಲ್ಲಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ದಿನಾಂಕ ಗೊತ್ತುಮಾಡಬೇಡಿ. ವಾಹನಕ್ಕೆ ‘ರಿಕ್ರಿಯೇಷನ್ ಪಾಸ್‌ಪೋರ್ಟ್’ ಎಂಬ ಪರವಾನಗಿ ಬೇಕು, ಬಿಡಾರದ ಶುಲ್ಕ ಬೇರೆ.

ರಾಜ್ಯ ಅರಣ್ಯದ ಬಿಡಾರಗಳು ಸರಳವಾದವು. ವಿದ್ಯುತ್ ಇರುವುದಿಲ್ಲ, ಗುಂಡಿ ಶೌಚಾಲಯವಿರುತ್ತದೆ, ನೀರಿಗೆ ಕೈಪಂಪು. ಒಂದು ಕುದುರೆ ದಿನಕ್ಕೆ 25ರಿಂದ 45 ಲೀಟರ್ ನೀರು ಕುಡಿಯುತ್ತದೆ, ಬಿಸಿಲಿನಲ್ಲಿ ದುಡಿದ ದಿನ ಇನ್ನೂ ಹೆಚ್ಚು. ಎರಡು ಕುದುರೆಗಳಿದ್ದರೆ ದಿನಕ್ಕೆ ಐದಾರು ಬಕೆಟ್ ನೀರನ್ನು ಪಂಪು ಒತ್ತಿ, ಹೊತ್ತು ತರಬೇಕಾಗುತ್ತದೆ. ಹಾಗಾಗಿ ಪಂಪಿನಿಂದ ತೀರ ದೂರದ ಜಾಗ ಆರಿಸಿಕೊಳ್ಳಬಾರದು.

ಕುದುರೆಯ ಆರೋಗ್ಯಪತ್ರಗಳಲ್ಲಿ ಮುಖ್ಯವಾದದ್ದು ಕಾಗಿನ್ಸ್ ಪರೀಕ್ಷೆಯ ವರದಿ. ಕುದುರೆಗಳಿಗೆ ತಗಲುವ ‘ಇನ್ಫೆಕ್ಷಸ್ ಅನೀಮಿಯಾ’ ಎಂಬ ವೈರಸ್ ರೋಗ ಇದೆಯೇ ಎಂದು ನೋಡುವ ರಕ್ತಪರೀಕ್ಷೆ ಇದು. ಕಚ್ಚುವ ದೊಡ್ಡ ನೊಣಗಳ ಮೂಲಕ ಹರಡುವ ಈ ರೋಗಕ್ಕೆ ಚಿಕಿತ್ಸೆಯಿಲ್ಲ. ಸೋಂಕು ತಗಲಿದ ಕುದುರೆಯನ್ನು ಒಂದೋ ದಯಾಮರಣಕ್ಕೆ ಒಪ್ಪಿಸಬೇಕು, ಇಲ್ಲವೇ ಬದುಕಿರುವಷ್ಟು ಕಾಲ ಪ್ರತ್ಯೇಕವಾಗಿ ಇರಿಸಬೇಕು. ಬೇರೆ ಬೇರೆ ಊರುಗಳ ಕುದುರೆಗಳು ಒಂದೇ ಕಡೆ ಸೇರುವ ಬಿಡಾರದಲ್ಲಿ ಈ ವರದಿಯ ಮಹತ್ವವನ್ನು ಬೇರೆ ವಿವರಿಸಬೇಕಿಲ್ಲ. ರಾಜ್ಯದ ಗಡಿ ದಾಟಿ ಬರುವವರು ಪಶುವೈದ್ಯರ ಆರೋಗ್ಯ ಪ್ರಮಾಣಪತ್ರದ ಬಗ್ಗೆಯೂ ವಿಚಾರಿಸಬೇಕು. ಧನುರ್ವಾಯು, ರೇಬೀಸ್, ವೆಸ್ಟ್ ನೈಲ್ ಮತ್ತು ಸೊಳ್ಳೆಗಳಿಂದ ಬರುವ ‘ಈಸ್ಟರ್ನ್’ ಮಿದುಳುಜ್ವರದ ಲಸಿಕೆಗಳು ಮುಗಿದಿರಲಿ. ಈ ಕೊನೆಯ ರೋಗ 2019ರಲ್ಲಿ ಮಿಚಿಗನ್ನಿನಲ್ಲಿ ಜೋರಾಗಿ ಕಾಣಿಸಿಕೊಂಡು ಮನುಷ್ಯರನ್ನೂ ಕುದುರೆಗಳನ್ನೂ ಬಲಿ ತೆಗೆದುಕೊಂಡಿತ್ತು.

ಮನೆಯ ಅಂಗಳದಲ್ಲೇ ಒಂದು ಬಿಡಾರ

ಹೊರಡುವ ಕೆಲವು ವಾರಗಳ ಮುಂಚೆಯೇ ಮನೆಯಲ್ಲಿ ಎರಡು ಗಟ್ಟಿ ಕಂಬಗಳ ನಡುವೆ ಎತ್ತರದಲ್ಲಿ ಹಗ್ಗ ಬಿಗಿದು, ಕುದುರೆಯನ್ನು ಅದಕ್ಕೆ ಕಟ್ಟಿ ನಿಲ್ಲಿಸುವ ಅಭ್ಯಾಸ ಆರಂಭಿಸಬೇಕು. ಮೊದಲು ಅರ್ಧ ಗಂಟೆ, ನಂತರ ಒಂದು ಇಡೀ ಮಧ್ಯಾಹ್ನ, ಕೊನೆಗೆ ಕೆಲವು ರಾತ್ರಿಗಳು. ಕಾಲು ಕೆರೆಯುತ್ತಾ, ಸುತ್ತು ಹಾಕುತ್ತಾ ಚಡಪಡಿಸುವ ಕುದುರೆಯನ್ನು ಆ ಚಡಪಡಿಕೆಯ ನಡುವೆಯೇ ಬಿಚ್ಚಿಬಿಟ್ಟರೆ, ಚಡಪಡಿಸಿದರೆ ಬಿಡುಗಡೆ ಸಿಗುತ್ತದೆ ಎಂಬ ಪಾಠವನ್ನು ಅದು ಕಲಿಯುತ್ತದೆ. ಅದು ತಲೆ ತಗ್ಗಿಸಿ, ಒಂದು ಹಿಂಗಾಲನ್ನು ಸಡಿಲಿಸಿ ನಿಂತಾಗಲೇ ಬಿಚ್ಚಬೇಕು.

ಒಟ್ಟಿಗೆ ಬೆಳೆದ ಎರಡು ಕುದುರೆಗಳಿದ್ದರೆ ಇನ್ನೊಂದು ಅಭ್ಯಾಸ ಅಗತ್ಯ. ಒಂದನ್ನು ಕಟ್ಟಿ ಮತ್ತೊಂದನ್ನು ಕಣ್ಮರೆಯಾಗುವಷ್ಟು ದೂರ ಕರೆದೊಯ್ದು ಮರಳಿ ತರಬೇಕು. ಕುದುರೆ ಹಿಂಡಿನ ಪ್ರಾಣಿ. ಸಂಗಾತಿ ಕಾಣದಾದಾಗ ಕೆನೆಯುತ್ತಾ ಹಗ್ಗ ಎಳೆದಾಡುವುದು ಅದರ ಸ್ವಭಾವ, ಕಾಡಿನಲ್ಲಿ ಅದೇ ಅಪಾಯಕ್ಕೆ ಮೂಲ. ಟೆಂಟಿನ ಬಟ್ಟೆ ಗಾಳಿಗೆ ಪಟಪಟ ಬಡಿಯುವುದು, ಕತ್ತಲಲ್ಲಿ ಹಣೆದೀಪ ಕಟ್ಟಿಕೊಂಡ ಮನುಷ್ಯ ಹತ್ತಿರ ಬರುವುದು, ಇವೆಲ್ಲ ಮನೆಯಲ್ಲೇ ರೂಢಿಯಾಗಲಿ.

ಬಿಡಾರಕ್ಕೆ ಒಯ್ಯುವ ಒಣಹುಲ್ಲನ್ನು ಒಂದು ವಾರ, ಹತ್ತು ದಿನ ಮೊದಲೇ ಮನೆಯ ಹುಲ್ಲಿನೊಂದಿಗೆ ಬೆರೆಸಿ ತಿನ್ನಿಸತೊಡಗಬೇಕು, ಏಕೆಂದರೆ ಮೇವು ಒಮ್ಮೆಲೇ ಬದಲಾದರೆ ಕುದುರೆಗೆ ಹೊಟ್ಟೆಶೂಲೆ ಬರಬಹುದು. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಹುಲ್ಲು ಬೇಕು. ಈ ಲೆಕ್ಕದ ಮೇಲೆ ಒಂದು ದಿನದ ಮೇವು ಹೆಚ್ಚುವರಿಯಾಗಿ ಇರಲಿ. ಕಳೆಯ ಬೀಜವಿಲ್ಲದ್ದೆಂದು ಪ್ರಮಾಣೀಕರಿಸಿದ ಹುಲ್ಲು ಸಿಗುವುದಾದರೆ ಅದನ್ನೇ ಕೊಳ್ಳಬೇಕು. ಲದ್ದಿಯ ಮೂಲಕ ಮೊಳೆಯುವ ಕಳೆ ಕಾಡಿಗೆ ಹೊಸ ಪಿಡುಗಾಗುವ ಕಾರಣ ಅಮೆರಿಕದ ಪಶ್ಚಿಮದ ಅನೇಕ ಸರ್ಕಾರಿ ನೆಲಗಳಲ್ಲಿ ಇದು ಕಡ್ಡಾಯ. ಲಾಳ ಕಟ್ಟಿಸುವುದಿದ್ದರೆ ಹೊರಡುವ ಹಿಂದಿನ ದಿನದವರೆಗೆ ಕಾಯದೆ ಒಂದೆರಡು ವಾರ ಮುಂಚೆಯೇ ಮುಗಿಸಿ. ಮೊಳೆ ತಪ್ಪಾಗಿ ಹೊಡೆದಿದ್ದರೆ ಕುಂಟು ಮನೆಯಲ್ಲೇ ಗೊತ್ತಾಗುತ್ತದೆ.

ಪ್ರಯಾಣ

ಟ್ರೇಲರಿನ ಚಕ್ರ, ದೀಪ, ಕೊಂಡಿ, ಸುರಕ್ಷಾ ಸರಪಳಿಗಳನ್ನು ಎಲ್ಲರೂ ನೋಡುತ್ತಾರೆ. ರಬ್ಬರ್ ಹಾಸು ಎತ್ತಿ ಕೆಳಗಿನ ಹಲಗೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡುವವರು ಕಡಿಮೆ. ಮೂತ್ರದಲ್ಲಿ ನೆನೆದು ಹಲಗೆ ಕೊಳೆಯುವುದು ಹಾಸಿನ ಅಡಿಯಲ್ಲೇ, ಅದು ಕುಸಿದರೆ ಓಡುವ ಗಾಡಿಯಲ್ಲಿ ಕುದುರೆಯ ಕಾಲು ರಸ್ತೆಗೆ ತಾಗುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಇಳಿಸದೆಯೇ ನೀರು ತೋರಿಸಬೇಕು. ಹೊಸ ಊರಿನ ನೀರಿನ ರುಚಿಗೆ ಕೆಲವು ಕುದುರೆಗಳು ಮೂತಿ ತಿರುಗಿಸುವುದರಿಂದ ಮೊದಲ ದಿನಕ್ಕೆ ಮನೆಯ ನೀರನ್ನೇ ಕ್ಯಾನುಗಳಲ್ಲಿ ಒಯ್ಯುವುದು ಜಾಣತನ. ಅಡುಗೆಗೂ ಚಳಿಗೂ ಬೇಕಾದ ಸೌದೆಯನ್ನು ಮಾತ್ರ ಮನೆಯಿಂದ ತರಬಾರದು. 2002ರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಮೊದಲು ಪತ್ತೆಯಾದ ‘ಎಮರಾಲ್ಡ್ ಆಷ್ ಬೋರರ್’ ಎಂಬ ಹಸಿರು ಕೊರಕ ಹುಳು ಕೋಟಿಗಟ್ಟಲೆ ಆಷ್ ಮರಗಳನ್ನು ಕೊಂದಿದೆ, ಅದು ದೂರದೂರಕ್ಕೆ ಹಬ್ಬಲು ಸೌದೆಯ ಸಾಗಣೆ ದೊಡ್ಡ ಕಾರಣ. ಸೌದೆಯನ್ನು ತಾಣದ ಹತ್ತಿರವೇ ಕೊಂಡು, ಅಲ್ಲೇ ಉರಿಸಬೇಕು.

ಹಗ್ಗ ಕಟ್ಟುವ ಕೆಲಸ

ತಾಣ ತಲುಪಿದ ಮೇಲೆ ಟೆಂಟಿಗಿಂತ ಮೊದಲು ಕುದುರೆಯ ವ್ಯವಸ್ಥೆ ಆಗಬೇಕು. ಕಂಬಗಳಿದ್ದರೆ ಅವನ್ನೇ ಬಳಸಬೇಕು. ಇಲ್ಲದ ಕಡೆ, ನಿಯಮದ ಅನುಮತಿ ಇದ್ದರೆ, ಎರಡು ಗಟ್ಟಿ ಮರಗಳ ನಡುವೆ ಎತ್ತರದ ಹಗ್ಗ ಕಟ್ಟಬಹುದು. ಸವಾರರು ಇದನ್ನು ‘ಹೈಲೈನ್’ ಎನ್ನುತ್ತಾರೆ. ಕುದುರೆಯನ್ನು ನೇರವಾಗಿ ಮರದ ಬುಡಕ್ಕೆ ಕಟ್ಟುವುದು ಸಲ್ಲದು, ಏಕೆಂದರೆ ಒಂದೇ ರಾತ್ರಿಯಲ್ಲಿ ಅದು ಬೇರುಗಳ ಮೇಲಿನ ಮಣ್ಣನ್ನು ಕೆದಕಿ, ತೊಗಟೆಯನ್ನು ಕಚ್ಚಿ ಸುಲಿದುಹಾಕಬಲ್ಲದು.

ಮರ ಆರಿಸುವಾಗ ಅದರ ಗಾತ್ರದಷ್ಟೇ ಅದರ ಜಾತಿಯೂ ಮುಖ್ಯ. ಮಿಚಿಗನ್ನಿನ ಕಾಡುಗಳಲ್ಲಿ ಹೇರಳವಾಗಿರುವ ರೆಡ್ ಮೇಪಲ್ ಮರದ ಬಾಡಿದ ಎಲೆ ಕುದುರೆಯ ರಕ್ತಕಣಗಳನ್ನು ನಾಶಪಡಿಸುತ್ತದೆ. ಕಾಡು ಚೆರ್ರಿಯ ಬಾಡಿದ ಎಲೆಯಿಂದ ಸಯನೈಡ್ ವಿಷ ಹೊರಡುತ್ತದೆ. ಹಸಿರೆಲೆಗಿಂತ ಗಾಳಿಗೆ ಮುರಿದುಬಿದ್ದು ಬಾಡಿದ ಟೊಂಗೆಯೇ ಹೆಚ್ಚು ಅಪಾಯಕಾರಿ ಎಂಬುದು ಗಮನಿಸಬೇಕಾದ ಸಂಗತಿ. ಆದ್ದರಿಂದ ಕಟ್ಟುವ ಮೊದಲು ತಲೆ ಎತ್ತಿ ಮೇಲಿನ ಒಣಕೊಂಬೆಗಳನ್ನು ನೋಡಿ, ಬಗ್ಗಿ ಕೆಳಗೆ ಬಿದ್ದ ಎಲೆಗಳನ್ನೂ ನೋಡಿ, ಅನುಮಾನ ಬಂದರೆ ಜಾಗ ಬದಲಿಸಬೇಕು. ನದಿ, ಕೆರೆಗಳಿಂದ ಕನಿಷ್ಠ 200 ಅಡಿ ದೂರವಿರಬೇಕು.

ಮರಕ್ಕೆ ಮೊದಲು ಎರಡು ಮೂರು ಅಂಗುಲ ಅಗಲದ ಪಟ್ಟಿ ಸುತ್ತಬೇಕು. ಬರಿಯ ಹಗ್ಗ ತೊಗಟೆಯೊಳಗೆ ಕೊರೆದು ಇಳಿಯುತ್ತದೆ. ಪಟ್ಟಿಯ ಬಳೆಗಳ ನಡುವೆ ಹಿಗ್ಗದಂಥ ದಪ್ಪ ಹಗ್ಗವನ್ನು ನೆಲದಿಂದ ಸುಮಾರು ಏಳು ಅಡಿ ಎತ್ತರದಲ್ಲಿ, ಕುದುರೆಯ ತಲೆಗಿಂತ ಮೇಲೆ, ಮನಸಾರೆ ಎಳೆದು ಬಿಗಿಯಬೇಕು. ಮೊದಲ ಗಂಟೆಯಲ್ಲೇ ಅದು ಸಡಿಲವಾಗುತ್ತದೆ, ಮತ್ತೊಮ್ಮೆ ಬಿಗಿಯಬೇಕು. ಕುದುರೆಗಳನ್ನು ಕಟ್ಟುವ ಸ್ಥಳದಲ್ಲಿ ಹಗ್ಗಕ್ಕೆ ತಿರುಗುವ ಕೊಂಡಿ ಹಾಕಿದರೆ ಅವು ಒಂದರ ಬಳಿಗೆ ಒಂದು ಸರಿಯುವುದಿಲ್ಲ, ಹಗ್ಗ ಹುರಿಗೊಳ್ಳುವುದೂ ಇಲ್ಲ. ಒಂದಕ್ಕೂ ಇನ್ನೊಂದಕ್ಕೂ ಒದೆತಕ್ಕೆ ಸಿಗದಷ್ಟು, ಅಂದರೆ ಹತ್ತಡಿಯಾದರೂ ಅಂತರವಿರಲಿ. ಮರದಿಂದಲೂ ಅಷ್ಟೇ ದೂರ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕೊಂಡಿಯಿಂದ ಕೆಳಗಿಳಿಯುವ ಹಗ್ಗದ ಉದ್ದ. ತೀರ ಗಿಡ್ಡವಾದರೆ ಕುದುರೆ ಹುಲ್ಲಿಗೆ ಬಾಯಿ ಹಾಕಲಾರದು. ಸ್ವಲ್ಪ ಉದ್ದವಾದರೂ ಮುಂಗಾಲು ಹಗ್ಗದ ಆಚೆ ದಾಟಿ ಸಿಕ್ಕಿಕೊಳ್ಳುತ್ತದೆ, ಗಾಬರಿಗೊಂಡ ಪ್ರಾಣಿ ಹಗ್ಗದಿಂದಲೇ ಚರ್ಮ ಸುಟ್ಟುಕೊಳ್ಳುತ್ತದೆ. ಕಟ್ಟಿದ ಮೇಲೆ ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು ಕುದುರೆಯ ಮಂಡಿಯ ಬಳಿ ತೂಗಿಸಿ, ಕಾಲು ದಾಟುವ ಸಾಧ್ಯತೆ ಇದೆಯೇ ಎಂದು ಕಣ್ಣಾರೆ ಪರೀಕ್ಷಿಸಬೇಕು. ಎಳೆದರೆ ತಕ್ಷಣ ಬಿಚ್ಚಿಕೊಳ್ಳುವ ಗಂಟು ಹಾಕಬೇಕು, ಚಾಕು ಕೈಗೆಟಕುವಲ್ಲಿರಬೇಕು. ಕುದುರೆಯ ತಲೆಗೆ ತೊಡಿಸುವ ಪಟ್ಟಿಯಾದ ಹಾಲ್ಟರಿಗೆ ಫೋನ್ ಸಂಖ್ಯೆ, ಬಿಡಾರದ ಸಂಖ್ಯೆ ಬರೆದ ಬಿಲ್ಲೆ ಕಟ್ಟಿ. ಟೆಂಟನ್ನು ಹಗ್ಗ ಕಾಣುವಷ್ಟು ಹತ್ತಿರ ಹಾಕಿಕೊಂಡು, ಮಲಗುವ ಮುನ್ನ ಒಂದು ಸುತ್ತು, ನಡುರಾತ್ರಿ ಎಚ್ಚರವಾದಾಗ ಇನ್ನೊಂದು ಸುತ್ತು ನೋಡಿ ಬರಬೇಕು. ರಾತ್ರಿಯುದ್ದಕ್ಕೂ ಮೆಲ್ಲಲು ಬಲೆಚೀಲದಲ್ಲಿ ಹುಲ್ಲಿದ್ದರೆ ಅರ್ಧ ಚಡಪಡಿಕೆ ತಾನಾಗಿ ಇಳಿಯುತ್ತದೆ.

ಹಗಲಿನಲ್ಲಿ

ಬೆಳಿಗ್ಗೆ ಜೀನು ಹಾಕುವ ಮೊದಲು ಲದ್ದಿಯನ್ನೂ ಬಕೆಟಿನಲ್ಲಿ ಉಳಿದ ನೀರನ್ನೂ ನೋಡಬೇಕು. ಲದ್ದಿ ಕಡಿಮೆಯಾಗಿ ನೀರು ಹಾಗೇ ಉಳಿದಿದ್ದರೆ ಅಂದು ಸವಾರಿ ಬೇಡ. ಕುದುರೆ ಪಕ್ಕೆಯನ್ನು ತಿರುಗಿ ತಿರುಗಿ ನೋಡುವುದು, ಮೇವು ಬಿಡುವುದು, ಪದೇಪದೇ ಮಲಗಿ ಹೊರಳುವುದು ಹೊಟ್ಟೆಶೂಲೆಯ ಚಿಹ್ನೆಗಳು. ಆರೋಗ್ಯವಂತ ಕುದುರೆಯ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಶಾಖ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ಈ ಸಂಖ್ಯೆಗಳನ್ನು ಹೇಳಬಲ್ಲವರಿಗೆ ಪಶುವೈದ್ಯರು ಫೋನಿನಲ್ಲೇ ಒಳ್ಳೆಯ ಸಲಹೆ ಕೊಡಬಲ್ಲರು. ಕಾಡಿನಲ್ಲಿ ಮೊಬೈಲ್ ಸಂಪರ್ಕ ನೆಚ್ಚುವಂತಿಲ್ಲವಾದ್ದರಿಂದ ಹತ್ತಿರದ ವೈದ್ಯರ ಸಂಖ್ಯೆಯನ್ನೂ, ಸಂಪರ್ಕ ಸಿಗುವ ಜಾಗವನ್ನೂ ಮೊದಲ ದಿನವೇ ಗುರುತಿಸಿಟ್ಟುಕೊಳ್ಳಿ.

ಗುರುತು ಹಾಕಿದ ದಾರಿಯನ್ನು ಬಿಟ್ಟು ಹೋಗಬಾರದು, ಕೆಸರಿನಲ್ಲಿ ಓಡಿಸಬಾರದು. ನೀರು ಕುಡಿಸಲು ನದಿಗೆ ಇಳಿಯುವುದಿದ್ದರೆ ಗೊತ್ತಾದ ಕಡೆ ಮಾತ್ರ ಇಳಿಯಬೇಕು. ಔ ಸೇಬಲ್, ಮ್ಯಾನಿಸ್ಟೀ ನದಿಗಳು ಟ್ರೌಟ್ ಮೀನಿಗೆ ಹೆಸರಾದವು, ದಡ ಕುಸಿದು ಮರಳು ಸೇರಿದರೆ ಅವು ಮೊಟ್ಟೆಯಿಡುವ ಜಲ್ಲಿ ಮುಚ್ಚಿಹೋಗುತ್ತದೆ. ನವೆಂಬರ್ 15ರಿಂದ 30ರವರೆಗೆ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಕಾಲ. ಆ ದಿನಗಳಲ್ಲಿ ಸವಾರಿಯನ್ನು ಕೈಬಿಡುವುದೇ ಲೇಸು, ಅದರ ಆಚೀಚಿನ ವಾರಗಳಲ್ಲಿ ಸವಾರರೂ ಕುದುರೆಯೂ ಉಜ್ವಲ ಕಿತ್ತಳೆ ಬಣ್ಣ ತೊಟ್ಟಿರಬೇಕು.

ಶರತ್ಕಾಲದ ಎಲೆಗಳ ಬಣ್ಣ ನೋಡಲು ಡೆಟ್ರಾಯಿಟ್ ಕಡೆಯಿಂದ ಉತ್ತರಕ್ಕೆ ಹೋಗುವ ಕನ್ನಡಿಗ ಕುಟುಂಬಗಳು ಇದೇ ದಾರಿಗಳಲ್ಲಿ ನಡೆಯುವುದುಂಟು. ಅವರಿಗೂ ಒಂದು ಮಾತು: ಎದುರಿಗೆ ಕುದುರೆ ಬಂದರೆ ನಡೆಯುವವರೇ ದಾರಿ ಬಿಡುವುದು ಪದ್ಧತಿ. ಇಳಿಜಾರಿನ ಕೆಳಬದಿಗೆ ಸರಿದು ನಿಂತು, ಮೆಲುದನಿಯಲ್ಲಿ ಸವಾರರನ್ನು ಮಾತನಾಡಿಸಿ. ಬೆನ್ನ ಮೇಲೆ ದೊಡ್ಡ ಚೀಲ ಹೊತ್ತು ಸುಮ್ಮನೆ ನಿಂತ ಆಕೃತಿ ಮನುಷ್ಯನದೆಂದು ಕುದುರೆಗೆ ತಿಳಿಯುವುದು ದನಿಯಿಂದ. ಮರದ ಹಿಂದೆ ಅಡಗಿ ನಿಲ್ಲಬೇಡಿ, ಮಕ್ಕಳನ್ನು ಓಡಗೊಡಬೇಡಿ.

ಬಿಡಾರ ಎತ್ತುವಾಗ

ಲದ್ದಿಯನ್ನು ಗೊತ್ತುಪಡಿಸಿದ ಜಾಗಕ್ಕೆ ಹಾಕಬೇಕು. ಅಂಥ ಜಾಗವಿಲ್ಲದಿದ್ದರೆ ಮನೆಗೆ ಒಯ್ಯಬೇಕು. ಚೆಲ್ಲಿದ ಹುಲ್ಲನ್ನು ಕುಂಟೆಯಿಂದ ಬಾಚಿ ತೆಗೆಯಬೇಕು, ಗೊರಸಿನಿಂದಾದ ಗುಂಡಿಗಳಿಗೆ ಮಣ್ಣು ತುಂಬಿ ಮೇಲೆ ತರಗೆಲೆ ಹರಡಬೇಕು, ಮರಕ್ಕೆ ಸುತ್ತಿದ ಪಟ್ಟಿಗಳನ್ನು ಬಿಚ್ಚಬೇಕು. ಮನೆ ತಲುಪಿದ ಮೇಲೆ ಕುದುರೆಯ ದವಡೆಯ ಅಡಿ, ಕುತ್ತಿಗೆಯ ಕೂದಲಿನ ಬುಡ, ಬಾಲದ ಬುಡ, ತೊಡೆಯ ಸಂದುಗಳಲ್ಲಿ ರಕ್ತ ಹೀರುವ ಉಣ್ಣೆಹುಳು ಹತ್ತಿದೆಯೇ ಎಂದು ಬೆರಳಾಡಿಸಿ ಹುಡುಕಬೇಕು. ಅಪರಿಚಿತ ಕುದುರೆಗಳ ಪಕ್ಕದಲ್ಲಿ ನಿಂತು ಬಂದಿರುವುದರಿಂದ ಅದನ್ನು ಎರಡು ವಾರ ಮನೆಯ ಉಳಿದ ಕುದುರೆಗಳಿಂದ ದೂರವಿಟ್ಟು, ದಿನಕ್ಕೆರಡು ಬಾರಿ ಜ್ವರ ನೋಡಿ ಬರೆದಿಡಬೇಕು.