ಮಾರುತಿ 800ರ ಆಕ್ಸಲ್ ಬೂಟ್ ಹರಿದರೆ ಅಂಗಳದಲ್ಲೇ ಬದಲಾಯಿಸಬಹುದು

ಮುಂದಿನ ಚಕ್ರದ ಒಳಬದಿಗೆ ಒಮ್ಮೆ ಬೆರಳು ಸವರಿ ನೋಡಿ. ಕಪ್ಪು ಗ್ರೀಸ್ ಹತ್ತಿತಾ? ಹಾಗಾದ್ರೆ ಬೂಟ್, ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಶಾಫ್ಟಿನ (ಆಕ್ಸಲ್) ಜಾಯಿಂಟನ್ನು ಮುಚ್ಚಿ ಗ್ರೀಸ್ ಹಿಡಿದಿಡುವ ರಬ್ಬರ್ ಚೀಲ, ಹರಿದಿರೋದು ಬಹುಮಟ್ಟಿಗೆ ಖಂಡಿತ. ಸ್ಟಿಯರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ, ಟಾರ್ಚ್ ಹಿಡಿದು ರಬ್ಬರಿನ ಮಡಿಕೆಗಳ ನಡುವೆ ಹುಡುಕಿ. ಚಕ್ರ ನೇರ ಇದ್ದಾಗ ಬಿರುಕು ಮಡಿಕೆಯೊಳಗೆ ಅಡಗಿರುತ್ತದೆ.

ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೆ ಈ ತಲೆಬಿಸಿ ಇಲ್ಲ, ಅವು ಹಿಂದಿನ ಚಕ್ರದಿಂದ ಓಡುವ ಗಾಡಿಗಳು. 800ರಲ್ಲಿ ಮುಂದಿನ ಚಕ್ರವೇ ಎಳೆಯಬೇಕು, ತಿರುಗಲೂ ಬೇಕು. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟದ ದಾರಿಗಳಲ್ಲಿ ಮಳೆಗಾಲದ ಕೆಂಪು ಕೆಸರು ಆ ಬಿರುಕಿನಿಂದ ಒಳಗೆ ಹೋಗಿ ಗ್ರೀಸಿನ ಜೊತೆ ಸೇರಿದರೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ, ಜಾಯಿಂಟ್ ಸವೆದೇ ಹೋಗುತ್ತದೆ. ತಿರುವಿನಲ್ಲಿ ಕಟಕಟ ಶಬ್ದ ಶುರುವಾಗಿದ್ದರೆ ಬರೀ ಬೂಟ್ ಹಾಕಿ ಪ್ರಯೋಜನ ಇಲ್ಲ, ಜಾಯಿಂಟನ್ನೇ ಬದಲಾಯಿಸಬೇಕು.

ಶಾಫ್ಟ್ ಬಿಚ್ಚದೆ ಸುತ್ತ ಅಂಟಿಸುವ ಸೀಳು ಬೂಟ್ ಸಿಗುತ್ತದೆ. ನಾನೂ ಒಮ್ಮೆ ಹಾಕಿ ನೋಡಿದ್ದೇನೆ. ಅಂಟಿಸುವ ಅಂಚಿಗೆ ಎಲ್ಲೋ ಚೂರು ಗ್ರೀಸ್ ತಾಗಿತ್ತು ಅಂತ ಕಾಣುತ್ತದೆ, ವಾರದಲ್ಲೇ ಬಾಯಿ ಬಿಟ್ಟಿತು. ಸುಮ್ನೆ ದುಡ್ಡು ದಂಡ. ಇಡೀ ಬೂಟನ್ನೇ ತನ್ನಿ, ಜೊತೆಗೆ ಕ್ಲಿಪ್ ಮತ್ತು ಜಾಯಿಂಟಿನ ಕಪ್ಪು ಗ್ರೀಸ್ ಇರುವ ಕಿಟ್ ಆದರೆ ಒಳ್ಳೆಯದು.

ಗಾಡಿ ನೆಲದ ಮೇಲೆ ಇರುವಾಗಲೇ ಚಕ್ರದ ನಡುವಿನ ಆಕ್ಸಲ್ ನಟ್ಟಿನ ಲಾಕ್ ಬಿಡಿಸಿ, ಮನೆಯವರೊಬ್ಬರನ್ನು ಬ್ರೇಕ್ ಒತ್ತಲು ಕೂರಿಸಿ, ಉದ್ದ ಪೈಪ್ ಸಿಕ್ಕಿಸಿ ನಟ್ ಸಡಿಲ ಮಾಡಿ. ಆಮೇಲೆ ಜ್ಯಾಕ್, ಅದರ ಜೊತೆ ಸ್ಟ್ಯಾಂಡ್. ನಮ್ಮಲ್ಲಿ ಅಂಗಳದ ಮೂಲೆಯಲ್ಲಿ ಮುರಕಲ್ಲು ಬಿದ್ದಿರುತ್ತದೆ ಅಲ್ವಾ, ಅದನ್ನು ಮಾತ್ರ ಗಾಡಿಯಡಿಗೆ ಇಡಬೇಡಿ ಮಾರಾಯ್ರೆ, ಭಾರಕ್ಕೆ ಒಡೆದರೆ ಕಥೆ ಮುಗಿಯಿತು. ಮಲಗಲು ಅಡಿಕೆ ಹಾಳೆ ಸಾಕು.

ಗೇರ್ ಆಯಿಲ್ ಇಳಿಸಿ, ಇಲ್ಲದಿದ್ದರೆ ಶಾಫ್ಟ್ ಎಳೆದಾಗ ಮುಖಕ್ಕೇ ಅಭಿಷೇಕ. ಚಕ್ರ ತೆಗೆದು, ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ (ಚಕ್ರ ಕೂರುವ ಭಾಗ) ಅನ್ನು ಹೊರಕ್ಕೆ ಎಳೆಯುತ್ತಾ ಶಾಫ್ಟನ್ನು ಒಳಕ್ಕೆ ತಳ್ಳಿ. ಬಿಗಿಯಾಗಿದ್ದರೆ ಮರದ ತುಂಡು ಇಟ್ಟು ಬಡಿಯಿರಿ, ನೇರ ಸುತ್ತಿಗೆ ಹಾಕಿದರೆ ಶಾಫ್ಟಿನ ತುದಿಯ ಥ್ರೆಡ್ ಹಾಳು. ಬ್ರೇಕ್ ಹೋಸಿಗೆ ಭಾರ ಬೀಳಬಾರದು. ಗೇರ್‌ಬಾಕ್ಸ್ ಕಡೆಯ ತುದಿಯನ್ನು ಮೆಲ್ಲ ಮೀಟಿ ಹೊರತೆಗೆಯಿರಿ, ಅಲ್ಲಿಯ ಆಯಿಲ್ ಸೀಲ್ ಜೋಪಾನ.

ಹೊಸ ಬೂಟನ್ನು ಗೇರ್‌ಬಾಕ್ಸ್ ಕಡೆಯಿಂದ ಏರಿಸುವುದು ಸುಲಭ. ಆ ಕಡೆಯ ಒಳ ಜಾಯಿಂಟ್ ಬಿಚ್ಚುವ ಮೊದಲು ಅದು ಯಾವ ದಿಕ್ಕಿನಲ್ಲಿ ಕೂತಿತ್ತು ಅಂತ ಪೇಂಟಿನ ಗುರುತು ಹಾಕಿ, ಫೋಟೋನೂ ತೆಗೆದಿಡಿ. ಅದನ್ನು ಹಿಡಿದಿರುವ ಲಾಕ್ ರಿಂಗ್ ತೆಗೆದರೆ ಜಾಯಿಂಟ್ ಹೊರಬರುತ್ತದೆ.

ಇನ್ನು ತೊಳೆಯುವ ಕೆಲಸ. ಹೆಚ್ಚಿನವರು ಅವಸರ ಮಾಡುವುದೇ ಇಲ್ಲಿ. ಡೀಸೆಲ್‌ನಲ್ಲಿ ಬ್ರಷ್ ಹಾಕಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಹೊಸ ಡೀಸೆಲ್‌ನಲ್ಲಿ ತೊಳೆದು, ಬೆರಳಿಗೆ ಒಂದು ಮರಳಿನ ಕಣವೂ ತಾಗದವರೆಗೆ ಬಿಡಬೇಡಿ. ನನಗೆ ಇದಕ್ಕೇ ಒಂದು ಗಂಟೆ ಬೇಕಾಯಿತು, ಬೂಟ್ ಹಾಕಲು ಹತ್ತು ನಿಮಿಷ. ಚಕ್ರದ ಕಡೆಯ ಹೊರಗಿನ ಜಾಯಿಂಟನ್ನು ಬಿಚ್ಚದೆ, ಆಚೀಚೆ ಬಗ್ಗಿಸುತ್ತಾ ತೊಳೆಯಿರಿ. ಗುಂಡುಗಳ ದಾರಿಯಲ್ಲಿ ಗುಳಿ ಬಿದ್ದಿದ್ದರೆ ಅದರ ಕಾಲ ಮುಗಿದಿದೆ. ಪೂರ್ತಿ ಒಣಗಿದ ಮೇಲೆಯೇ ಗ್ರೀಸ್.

ಶಾಫ್ಟಿನ ಹಲ್ಲುಗಳ ಮೇಲೆ ಟೇಪ್ ಸುತ್ತಿ ಬೂಟ್ ಏರಿಸಿ, ಇಲ್ಲದಿದ್ದರೆ ಹೊಸ ರಬ್ಬರೂ ಸೀಳುತ್ತದೆ. ಜಾಯಿಂಟಿನೊಳಗೆ ಗ್ರೀಸನ್ನು ಬೆರಳಲ್ಲಿ ಒತ್ತಿ ತುಂಬಿ, ಉಳಿದದ್ದು ಬೂಟಿನೊಳಕ್ಕೆ. ಕೊನೆಯ ಕ್ಲಿಪ್ ಬಿಗಿಯುವ ಮೊದಲು ಮೊಂಡು ಸ್ಕ್ರೂಡ್ರೈವರಿನಿಂದ ಅಂಚನ್ನು ಸ್ವಲ್ಪ ಎತ್ತಿ ಗಾಳಿ ಬಿಡಿ. ಬೂಟ್ ಉಬ್ಬಿರಬಾರದು, ಒಳಕ್ಕೆ ಚಪ್ಪಟೆಯೂ ಆಗಬಾರದು, ತಿರುಚಿರಲೂ ಬಾರದು.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ಒಳ ತುದಿ ಟಕ್ ಅಂತ ಕೂತಿತಾ ಅಂತ ಒಮ್ಮೆ ಎಳೆದು ನೋಡಿ. ಗಾಡಿ ಕೆಳಗಿಳಿಸಿ ಆಕ್ಸಲ್ ನಟ್ಟನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಿರಿ, ಲಾಕ್ ಹೊಸದೇ ಇರಲಿ. ಗೇರ್ ಆಯಿಲ್ ತುಂಬಲು ಮರೆಯಬೇಡಿ. ಎರಡು ದಿನ ಓಡಿಸಿ, ಮತ್ತೊಮ್ಮೆ ಚಕ್ರದ ಒಳಬದಿಗೆ ಬೆರಳು ಸವರಿ ನೋಡಿ.